ಅರ್ಧ ದಾರಿಯಿಂದ ಮರಳಿದವರಿಗೆ ಬಾಗಿಲು ಎಲ್ಲಿದೆ?

ವಿದೇಶದ ಕಾಲೇಜೊಂದರಲ್ಲಿ ಎರಡು ಮೂರು ವರ್ಷ ದಂತ ವೈದ್ಯಕೀಯ ಓದಿದ ವಿದ್ಯಾರ್ಥಿ ಯಾವುದೋ ಕಾರಣಕ್ಕೆ ಊರಿಗೆ ಮರಳಿ, 'ಉಳಿದದ್ದನ್ನು ಇಲ್ಲಿಯೇ ಓದಲು ಬಿಡಿ' ಎಂದು ಕೇಳುತ್ತಾನೆ. ಅದು ಅವನ ಹಕ್ಕೇ? ನಾವು ತೋರಬೇಕಾದ ದಯೆಯೇ? ಅಥವಾ ಹಣವಿದ್ದವರು ಹಿಂಬಾಗಿಲಿನಿಂದ ಒಳಬರಲು ಹೂಡಿದ ಉಪಾಯವೇ? ನಮ್ಮಲ್ಲಿ ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. 'ಪಾಪ, ನಮ್ಮದೇ ಮಕ್ಕಳು, ಸೇರಿಸಿಕೊಳ್ಳಲಿ' ಎನ್ನುವುದು ಒಂದು. 'ದುಡ್ಡಿತ್ತೆಂದು ಹೋದರು, ಈಗ ಅನುಭವಿಸಲಿ' ಎನ್ನುವುದು ಇನ್ನೊಂದು. ಎರಡರಲ್ಲಿಯೂ ಭಾವನೆಯಿದೆ, ನ್ಯಾಯದ ವಿಚಾರ ಕಡಿಮೆ.

ಮೊದಲು ನಿಯಮ ಏನೆನ್ನುತ್ತದೆ ಎಂದು ನೋಡೋಣ. ದಂತ ವೈದ್ಯ ಪರಿಷತ್ತಿನ 2007ರ ಬಿಡಿಎಸ್ ನಿಯಮಾವಳಿಯ ಪ್ರಕಾರ, ದೇಶದೊಳಗೇ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ವರ್ಗವಾಗುವುದು ವಿದ್ಯಾರ್ಥಿಯ ಹಕ್ಕಲ್ಲ. ಮೊದಲ ವರ್ಷ ತೇರ್ಗಡೆಯಾದವರಿಗೆ, ಎರಡನೇ ವರ್ಷದ ಆರಂಭದಲ್ಲಿ, ತೀರಾ ಅನುಕಂಪದ ಸಂದರ್ಭದಲ್ಲಿ ಮಾತ್ರ ಅದನ್ನು ಪರಿಗಣಿಸಲಾಗುತ್ತದೆ. ಓದಿಸುತ್ತಿದ್ದ ಪೋಷಕರ ಮರಣ ಅಂಥ ಒಂದು ಸಂದರ್ಭ. ಆದರೆ ಬಿಡುವ ಕಾಲೇಜು ಮತ್ತು ಸೇರುವ ಕಾಲೇಜು ಎರಡೂ ಪರಿಷತ್ತಿನ ಮಾನ್ಯತೆ ಪಡೆದಿರಬೇಕು. ಈ ಒಂದು ಷರತ್ತಿನಲ್ಲೇ ವಿದೇಶದಿಂದ ಬಂದವರ ದಾರಿ ಮುಚ್ಚಿಹೋಗುತ್ತದೆ.

ಇದರ ಅರ್ಥವೇನೆಂದು ತಿಳಿಯಲು ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಕರಾವಳಿಯ ಒಂದು ಕುಟುಂಬ ಇಪ್ಪತ್ತು ವರ್ಷಗಳಿಂದ ಗಲ್ಫ್‌ನಲ್ಲಿದೆ. ಮಗಳು ಅಲ್ಲಿಯೇ ಹುಟ್ಟಿ ಬೆಳೆದು, ಮನೆಯ ಹತ್ತಿರದ ಡೆಂಟಲ್ ಕಾಲೇಜಿಗೆ ಸೇರಿದ್ದಾಳೆ. ಎರಡನೇ ವರ್ಷ ಮುಗಿಯುವ ಹೊತ್ತಿಗೆ ತಂದೆ ತೀರಿಕೊಳ್ಳುತ್ತಾರೆ. ಅವರ ಕೆಲಸದ ಮೇಲೆ ನಿಂತಿದ್ದ ವೀಸಾ ಹೋಗುತ್ತದೆ, ಫೀಸು ಕಟ್ಟುವ ಕೈಯೂ ಇಲ್ಲ. ತಾಯಿ ಮಕ್ಕಳನ್ನು ಕರೆದುಕೊಂಡು ಮಂಗಳೂರಿಗೆ ಬರುತ್ತಾರೆ. ಇದೇ ಮಗಳು ಬೆಳಗಾವಿಯಲ್ಲಿ ಮೊದಲ ವರ್ಷ ಮುಗಿಸಿದ್ದಾಗ ತಂದೆಯನ್ನು ಕಳೆದುಕೊಂಡಿದ್ದರೆ, ಮಂಗಳೂರಿಗೆ ವರ್ಗ ಕೇಳಲು ನಿಯಮ ಅವಕಾಶ ಕೊಡುತ್ತಿತ್ತು. ಸಾವು ಒಂದೇ, ದುಃಖ ಒಂದೇ, ಊರು ಮಾತ್ರ ಬೇರೆ. ಅವಳೀಗ ಹೊಸದಾಗಿ ನೀಟ್ ಬರೆದು ಮೊದಲ ವರ್ಷದಿಂದ ಆರಂಭಿಸಬೇಕು.

ಈ ಪ್ರಶ್ನೆ ದೇಶದ ಮುಂದೆ ದೊಡ್ಡದಾಗಿ ಬಂದದ್ದು 2022ರಲ್ಲಿ, ಉಕ್ರೇನ್ ಯುದ್ಧದ ಸಮಯದಲ್ಲಿ. ಆ ವರ್ಷದ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ಶೇ. 97 ಅಂಕ ಪಡೆದರೂ ಇಲ್ಲಿ ಮಗನಿಗೆ ಸೀಟು ಸಿಗಲಿಲ್ಲವೆಂದು ಅವನ ತಂದೆ ನೊಂದು ಹೇಳಿದ ಮಾತು ನಾಡಿಗೆಲ್ಲ ಕೇಳಿಸಿತು. ಜೀವ ಉಳಿಸಿಕೊಂಡು ಬಂದ ಸಾವಿರಾರು ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಕಾನೂನಿನಲ್ಲಿ ಇಂಥ ವರ್ಗಾವಣೆಗೆ ಅವಕಾಶವಿಲ್ಲವೆಂದು ಕೇಂದ್ರ ಸರ್ಕಾರ ಆ ವರ್ಷದ ಸೆಪ್ಟೆಂಬರ್‌ನಲ್ಲಿ ತಿಳಿಸಿತು. ನೀಟ್‌ನಲ್ಲಿ ಕಡಿಮೆ ಅಂಕ ಬಂದದ್ದರಿಂದ ಅಥವಾ ಅಲ್ಲಿ ಖರ್ಚು ಕಡಿಮೆ ಎಂದು ಇವರು ಹೊರಗೆ ಹೋದವರೆಂಬ ಕಾರಣವನ್ನೂ ಮುಂದಿಟ್ಟಿತು. ಕೊನೆಗೆ 2023ರ ಮಾರ್ಚ್‌ನಲ್ಲಿ ಅಂತಿಮ ವರ್ಷದವರಿಗೆ ಮಾತ್ರ, ಇಲ್ಲಿನ ಕಾಲೇಜಿಗೆ ಸೇರದೆಯೇ ಎಂಬಿಬಿಎಸ್ ಪರೀಕ್ಷೆ ಬರೆಯುವ ಒಂದು ಬಾರಿಯ ಅವಕಾಶ ದೊರೆಯಿತು.

ಸರ್ಕಾರದ ವಾದವನ್ನು ತಳ್ಳಿಹಾಕುವ ಮುನ್ನ ಅದರಲ್ಲಿರುವ ನ್ಯಾಯವನ್ನು ಕಾಣಬೇಕು. ಬೀಡಿ ಕಟ್ಟಿ ಮಗಳನ್ನು ಓದಿಸಿದ ತಾಯಂದಿರು ನಮ್ಮ ಊರುಗಳಲ್ಲಿದ್ದಾರೆ. ಅಂಥ ಮಗಳು ಕೆಲವೇ ಅಂಕಗಳಿಂದ ಸರ್ಕಾರಿ ಸೀಟು ಕಳೆದುಕೊಂಡು, ಖಾಸಗಿ ಕಾಲೇಜಿಗೂ ವಿದೇಶಕ್ಕೂ ಹೋಗಲಾಗದೆ, ಕನಸನ್ನು ಮಡಚಿಟ್ಟು ಬಿಎಸ್ಸಿ ಸೇರುತ್ತಾಳೆ. ಅವಳಿಗಿಂತ ಕಡಿಮೆ ಅಂಕದವನು ಹಣದ ಬಲದಿಂದ ಹೊರಗೆ ಹೋಗಿ, ಸುತ್ತಿ ಬಳಸಿ ಇಲ್ಲಿಯ ಕಾಲೇಜಿಗೇ ಬಂದರೆ ಅವಳಿಗೆ ಏನನ್ನಿಸಬೇಡ? ಅವಳ ನೋವನ್ನು ಅಸೂಯೆ ಎನ್ನುವಂತಿಲ್ಲ. ಸರತಿಯಲ್ಲಿ ನಿಂತವರಿಗೆ ಸರತಿಯ ಮೇಲೆ ನಂಬಿಕೆ ಉಳಿಯಬೇಕು.

ಆದರೆ ಪ್ರತಿಭೆಯ ಮಾತನ್ನು ಆಡುವವರು ಎಲ್ಲ ಕಡೆಯೂ ಆಡಬೇಕು. ನಮ್ಮ ಖಾಸಗಿ ಡೆಂಟಲ್ ಕಾಲೇಜುಗಳಲ್ಲಿ ಮ್ಯಾನೇಜ್‌ಮೆಂಟ್ ಸೀಟುಗಳಿವೆ, ಎನ್ನಾರೈ ಸೀಟುಗಳಿವೆ. ಅಲ್ಲಿ ಹೆಚ್ಚು ಹಣ ಕೊಡಬಲ್ಲವನು ತನಗಿಂತ ಎಷ್ಟೋ ಮುಂದಿನ ರ‍್ಯಾಂಕಿನವರನ್ನು ದಾಟಿ ಒಳಗೆ ಹೋಗುತ್ತಾನೆ. ಅವನನ್ನು ಯಾರೂ ಪ್ರತಿಭೆಯಿಲ್ಲದವನೆಂದು ಹೊರಗಿಡುವುದಿಲ್ಲ. 2020-21ರ ಸಾಲಿನಲ್ಲಿ ಬಿಡಿಎಸ್‌ನ ಸುಮಾರು 7,000 ಸೀಟುಗಳು ಖಾಲಿ ಉಳಿದಾಗ, ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ನೀಟ್‌ನ ಅರ್ಹತಾ ಮಟ್ಟವನ್ನು 10 ಪರ್ಸೆಂಟೈಲ್ ಇಳಿಸಿ ಅವುಗಳನ್ನು ತುಂಬಲು ಹೇಳಿತು. ಸೀಟು ವ್ಯರ್ಥವಾಗಬಾರದೆಂಬ ಆ ಕಾಳಜಿ ಸರಿಯಾದದ್ದೇ. ಆದರೆ ಖಾಲಿ ಸೀಟಿಗಾಗಿ ಬಗ್ಗುವ ಗೆರೆ, ಕಷ್ಟದಲ್ಲಿರುವ ವಿದ್ಯಾರ್ಥಿಯ ಎದುರು ಮಾತ್ರ ಕಬ್ಬಿಣದ ಗೋಡೆಯಾಗುವುದು ಯಾವ ನ್ಯಾಯ?

ಇನ್ನೊಂದು ಸಂಗತಿಯನ್ನು ನಾವು ಗಮನಿಸುವುದಿಲ್ಲ. ಮೂರನೇ ವರ್ಷದಲ್ಲಿ ಯಾರೋ ಓದು ಬಿಟ್ಟು ಹೋದರೆ ಆ ಜಾಗವನ್ನು ಹೊಸ ವಿದ್ಯಾರ್ಥಿಗೆ ಕೊಡಲಾಗುವುದಿಲ್ಲ. ಬೀಡಿ ಕಟ್ಟುವ ತಾಯಿಯ ಮಗಳು ನೇರವಾಗಿ ಅಲ್ಲಿ ಕೂರಲಾರಳು. ಅಲ್ಲಿಗೆ ಹೊರಗಿನಿಂದ ಬಂದ, ತಕ್ಕ ಕಲಿಕೆಯಿರುವ ವಿದ್ಯಾರ್ಥಿಯನ್ನು ಸೇರಿಸಿಕೊಂಡರೆ ಯಾರ ಪಾಲೂ ಕಸಿದಂತಾಗುವುದಿಲ್ಲ.

ಹಾಗಾದರೆ 'ತಕ್ಕ ಕಲಿಕೆ' ಎಂದರೇನು? ಇಲ್ಲಿ ಸೀಟಿನ ಜಗಳದಲ್ಲಿ ನಾವು ಮರೆತ ಮೂರನೆಯವನೊಬ್ಬ ಬರುತ್ತಾನೆ. ಅವನು ರೋಗಿ. ಕುರ್ಚಿಯಲ್ಲಿ ಒರಗಿ ಬಾಯಿ ತೆರೆದವನಿಗೆ ಒಳಗೆ ಏನು ನಡೆಯುತ್ತಿದೆ ಎಂದು ಕಾಣುವುದಿಲ್ಲ, ಮಾತಾಡಲೂ ಆಗುವುದಿಲ್ಲ. ಅವನಿಗಿರುವುದು ನಂಬಿಕೆಯೊಂದೇ. ದಂತ ವೈದ್ಯನ ವಿದ್ಯೆ ಬಹುಪಾಲು ಕೈಯಲ್ಲಿರುವ ವಿದ್ಯೆ. ಮೇಣದಲ್ಲಿ ಹಲ್ಲು ಕೆತ್ತಿ, ಗೊಂಬೆ ತಲೆಯಲ್ಲಿ ಕೂರಿಸಿದ ಹಲ್ಲುಗಳನ್ನು ಕೊರೆದು ತುಂಬಿ ಕಲಿತ ಮೇಲೆಯೇ ವಿದ್ಯಾರ್ಥಿ ಜೀವಂತ ಮನುಷ್ಯನ ಬಾಯಿಗೆ ಕೈಹಾಕಬೇಕು. ಇಲ್ಲಿ ಬಿಡಿಎಸ್ ನಾಲ್ಕು ವರ್ಷ ಮತ್ತು ಒಂದು ವರ್ಷದ ಇಂಟರ್ನ್‌ಶಿಪ್. ಹಲವು ದೇಶಗಳಲ್ಲಿ ಓದೇ ಐದು ವರ್ಷ, ವಿಷಯಗಳ ಕ್ರಮವೂ ಬೇರೆ. ಅಲ್ಲಿಯ ಮೂರನೇ ವರ್ಷ ಇಲ್ಲಿಯ ಮೂರನೇ ವರ್ಷ ಆಗಲೇಬೇಕೆಂದಿಲ್ಲ. ಆದ್ದರಿಂದ ಅನುಕಂಪ ಎಷ್ಟೇ ಇದ್ದರೂ ಅಂಕಪಟ್ಟಿ ನೋಡಿ ಕಣ್ಣುಮುಚ್ಚಿ ಸೇರಿಸಿಕೊಳ್ಳುವುದು ರೋಗಿಗೆ ಮಾಡುವ ಅನ್ಯಾಯ.

ಇದಕ್ಕೆ ಬೇರೆ ದೇಶಗಳು ಕಂಡುಕೊಂಡ ದಾರಿಯೊಂದಿದೆ. ನಮ್ಮ ಬಿಡಿಎಸ್ ಪದವೀಧರರು ಅಮೆರಿಕಕ್ಕೆ ಹೋದರೆ ಪರೀಕ್ಷೆ ಬರೆದು, ಹಲವು ಕಡೆ ಕೈಕೆಲಸವನ್ನೂ ತೋರಿಸಿ, ಅಲ್ಲಿಯ ಕಾಲೇಜುಗಳಲ್ಲಿ ಎರಡು ಮೂರು ವರ್ಷ ಓದುತ್ತಾರೆ. ಕೆನಡಾದಲ್ಲಿ ಮೊದಲು ಜ್ಞಾನದ ಪರೀಕ್ಷೆ, ಆಮೇಲೆ ನಿರ್ಣಯ ಶಕ್ತಿ ಮತ್ತು ಕೈಚಳಕದ ಪರೀಕ್ಷೆಗಳಿವೆ. ದುಬಾರಿ, ಕಠಿಣ, ಆದರೂ ಅದೊಂದು ಬಾಗಿಲು. 'ನೀನು ಎಲ್ಲಿಂದ ಬಂದೆ ಎನ್ನುವುದಕ್ಕಿಂತ ನಿನಗೆ ಏನು ಗೊತ್ತು ತೋರಿಸು' ಎನ್ನುವ ಬಾಗಿಲು. ನಮ್ಮ ಮಕ್ಕಳಿಗೆ ಪರದೇಶದಲ್ಲಿ ಈ ಅವಕಾಶ ಸಿಗಲೆಂದು ಬಯಸುವ ನಾವು, ಮನೆಗೆ ಮರಳಿದ ಮಕ್ಕಳಿಗೆ ಅಷ್ಟನ್ನೂ ಕೊಡದಿರುವುದು ಸರಿಯೇ?

ಬಾಗಿಲು ತೆರೆದರೆ ಏಜೆಂಟರು ಅದನ್ನೂ ಮಾರುತ್ತಾರೆ ಎಂಬ ಭಯ ಸುಳ್ಳಲ್ಲ. 'ಒಂದು ವರ್ಷ ಹೊರಗೆ ಓದಿ, ಉಳಿದದ್ದು ಇಲ್ಲಿ' ಎಂಬ ಜಾಹೀರಾತು ಮರುದಿನವೇ ಬಂದೀತು. ಅದಕ್ಕೆ ಮದ್ದು ನಮ್ಮ ನಿಯಮದಲ್ಲೇ ಇದೆ. ಯುದ್ಧ, ಕಾಲೇಜು ಮುಚ್ಚುವುದು, ಪೋಷಕರ ಮರಣ ಮುಂತಾಗಿ ಯಾರೂ ಮೊದಲೇ ಯೋಜಿಸಲಾಗದ ಕಾರಣವಿದ್ದವರಿಗೆ ಮಾತ್ರ ಪರೀಕ್ಷೆ, ಖಾಲಿ ಇರುವ ಜಾಗಕ್ಕೆ ಮಾತ್ರ ಪ್ರವೇಶ, ಪರೀಕ್ಷೆ ತೋರಿಸಿದ ವರ್ಷಕ್ಕೆ ಮಾತ್ರ ಸೇರ್ಪಡೆ ಎಂದಾದರೆ ದಯೆಯೂ ಉಳಿಯುತ್ತದೆ, ಸರತಿಯೂ ಉಳಿಯುತ್ತದೆ.

ಮರಳಿ ಬಂದವರಿಗೂ ಕರ್ತವ್ಯವಿದೆ. ಅಲ್ಲಿ ಫೇಲಾದ ವಿಷಯವನ್ನು ಮುಚ್ಚಿಡಬಾರದು. ಒಂದೆರಡು ವರ್ಷ ಹಿಂದೆ ಬೀಳುವುದನ್ನು ಅವಮಾನವೆಂದುಕೊಳ್ಳಬಾರದು. ಹೆತ್ತವರೂ 'ಜನ ಏನೆಂದಾರು' ಎಂಬ ಚಿಂತೆಯನ್ನು ಬದಿಗಿಡಬೇಕು. ಬಂಧುಗಳ ಎದುರು ತಲೆ ತಗ್ಗಿಸಬಾರದೆಂದು ಮನಸ್ಸಿಲ್ಲದ ಮಗನನ್ನು ಮತ್ತೆ ವಿಮಾನ ಹತ್ತಿಸುವ ಮನೆಗಳೂ ಇವೆ. ಓದು ಮಗುವಿನದು, ಪ್ರತಿಷ್ಠೆ ನಮ್ಮದು ಎಂಬುದನ್ನು ಅಂಥವರು ಒಮ್ಮೆ ಯೋಚಿಸಬೇಕು.

ಸೀಟು ಎಂಬುದು ಗೆದ್ದವನಿಗೆ ಸಿಕ್ಕ ಬಹುಮಾನವೂ ಅಲ್ಲ, ಕೊಂಡವನ ಆಸ್ತಿಯೂ ಅಲ್ಲ. ನಾಳೆ ನೋವಿನಿಂದ ಬರುವವನ ಪರವಾಗಿ ಸಮಾಜ ಒಬ್ಬರ ಕೈಗೆ ಒಪ್ಪಿಸಿದ ಹೊಣೆ ಅದು. ಆ ಹೊಣೆ ಹೊರಬಲ್ಲ ಕೈ ಯಾವುದೆಂದು ಪರೀಕ್ಷಿಸುವ ಅಧಿಕಾರ ನಮಗಿದೆ. ಪರೀಕ್ಷಿಸದೆಯೇ ತಿರಸ್ಕರಿಸುವ ಅಧಿಕಾರ ಇದೆಯೇ ಎಂದು ನಮ್ಮ ಆತ್ಮಸಾಕ್ಷಿಯನ್ನು ಕೇಳಿಕೊಳ್ಳಬೇಕಾಗಿದೆ.