ಹಸಿದವರಿಗೆ ಮೊದಲ ಎಲೆ



ಮಾಘ ಮಾಸದಲ್ಲಿ ಗುರು ಕೊಟ್ಟೂರೇಶ್ವರನ ತೇರಿಗೆ ನಡೆದು ಬರುವವರನ್ನು ನೀವೆಲ್ಲ ನೋಡಿದ್ದೀರಿ. ನಿಮ್ಮಲ್ಲಿ ಬಹಳ ಜನ ನಡೆದೂ ಬಂದಿದ್ದೀರಿ. ದಾವಣಗೆರೆ ಕಡೆಯಿಂದ, ಹರಪನಹಳ್ಳಿ ದಾರಿಯಿಂದ ರಾತ್ರಿಯೆಲ್ಲ ಕಾಲೆಳೆಯುತ್ತ ಬರುವವರಿಗೆ ಹಾದಿಯ ಹಳ್ಳಿಗಳವರು ಒಲೆ ಹೂಡಿ ಕಾಯುತ್ತಾರೆ. ಯಾರು, ಯಾವ ಊರು ಎಂದು ಕೇಳದೆ ಕೂರಿಸಿ ಉಣಿಸುತ್ತಾರೆ. ಆ ದಾಸೋಹಕ್ಕೆ ಯಾರೂ ಬರೆದಿಡದ ಒಂದು ಕಟ್ಟಳೆ ಇದೆ. ನಡೆದು ಬಂದವರಿಗೆ ಮೊದಲ ಪಂಕ್ತಿ. ಮನೆಯಲ್ಲಿ ಉಂಡು, ಪ್ರಸಾದಕ್ಕೆಂದು ಬಂದು ನಿಂತವರು ಅಂಗಾಲಲ್ಲಿ ಬೊಬ್ಬೆ ಎದ್ದವರನ್ನು ಕಂಡ ಕೂಡಲೇ ತಾವಾಗಿ ಪಕ್ಕಕ್ಕೆ ಸರಿಯುತ್ತಾರೆ. ಸರಿಯಿರೆಂದು ಅವರಿಗೆ ಯಾರೂ ಹೇಳಬೇಕಿಲ್ಲ.

ಇವತ್ತು ನಾನು ಇನ್ನೊಂದು ಪಂಕ್ತಿಯ ಮಾತು ಹೇಳಬೇಕಾಗಿದೆ. ರಾತ್ರಿ ಹನ್ನೊಂದರ ಮೇಲೆ ನಮ್ಮ ಆಸ್ಪತ್ರೆಗಳ ತುರ್ತು ಚಿಕಿತ್ಸಾ ಕೊಠಡಿಯ ಮುಂದೆ ಸೇರುವ ಪಂಕ್ತಿ ಅದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿದವರೆಲ್ಲ ನಾವೇ. ನಮ್ಮಲ್ಲಿ ಯಾರಿಗಾದರೂ ಜೀವ ಕೈಬಿಡುವ ಹೊತ್ತು ಬಂದರೆ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಓಡಬೇಕು, ಇಲ್ಲವೇ ದಾವಣಗೆರೆಗೆ. ಚಿಗಟೇರಿ ನಮ್ಮ ಹರಪನಹಳ್ಳಿ ತಾಲ್ಲೂಕಿನ ಊರು. ಆ ಹೆಸರು ಹೊತ್ತ ಜಿಲ್ಲಾ ಆಸ್ಪತ್ರೆ ಇರುವುದು ದಾವಣಗೆರೆಯಲ್ಲಿ. ಅಲ್ಲಿಗೆ ಮುಟ್ಟುವ ತನಕ ಜೀವ ಹಿಡಿದಿಡುವ ಕೆಲಸ ನಮ್ಮೂರ ಆಸ್ಪತ್ರೆಯ ರಾತ್ರಿ ಪಾಳಿಯದು. ಆ ಪಾಳಿಯಲ್ಲಿ ಇರುವ ಕೈಗಳನ್ನು ಎಣಿಸಿ ನೋಡಿ. ಒಬ್ಬ ವೈದ್ಯರು, ಒಬ್ಬಿಬ್ಬರು ದಾದಿಯರು, ಒಬ್ಬ ಸಹಾಯಕ. ಅದೇ ನಮ್ಮ ರಾತ್ರಿಯ ದಾಸೋಹದ ಇಡೀ ಅಡುಗೆಮನೆ.

ಅಂಥ ಒಂದು ರಾತ್ರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾಲ್ಕು ದಿನದಿಂದ ಕೆಮ್ಮುತ್ತಿದ್ದವರು ಒಬ್ಬರು ಬಂದಿದ್ದಾರೆ. ಹಗಲು ಸಾಲು ಉದ್ದ ಇರುತ್ತದೆ, ಈಗಾದರೆ ಬೇಗ ನೋಡುತ್ತಾರೆ ಎಂಬುದು ಅವರ ಲೆಕ್ಕ. ಇನ್ನೊಬ್ಬರಿಗೆ ದುಡಿದ ಮೈ ನೋವು. ‘ಒಂದು ಬಾಟ್ಲಿ ಗ್ಲೂಕೋಸ್ ಹಚ್ಚಿಬಿಡ್ರಿ, ಶಕ್ತಿ ಬರ್ತೈತಿ’ ಎಂದು ಹಟ ಹಿಡಿದಿದ್ದಾರೆ. ಮತ್ತೊಬ್ಬರು ಕುಡಿದು ಜಗಳವಾಡಿ, ಉಗುರು ತಾಗಿದ ಗೀರಿಗೆ ಪಟ್ಟಿ ಕಟ್ಟಿಸಲು ಬಂದಿದ್ದಾರೆ. ಹಿಂದೆ ಎಂಟು ಜನ, ಎಂಟು ಬಾಯಿ. ಅದೇ ಹೊತ್ತಿಗೆ ಹೊರಗೆ ಒಂದು ಟ್ರ್ಯಾಕ್ಟರ್ ನಿಲ್ಲುತ್ತದೆ. ಹೊಲಕ್ಕೆ ನೀರು ಹಾಯಿಸಲು ಹೋದ ಹುಡುಗನಿಗೆ ಹಾವು ಕಚ್ಚಿದೆ, ರೆಪ್ಪೆ ಜೋಲುತ್ತಿದೆ. ಅವನ ತಾಯಿ ಆ ಹನ್ನೊಂದು ಜನರ ಬೆನ್ನುಗಳ ನಡುವೆ ದಾರಿ ಬಿಡಿಸಿಕೊಂಡು ಒಳಗೆ ಹೋಗಬೇಕು.

ಬಂಧುಗಳೇ, ಆ ಬೆನ್ನುಗಳಲ್ಲಿ ಒಂದು ನಮ್ಮದಾಗಿರಬಾರದು. ನಾನು ಹೇಳಬೇಕಾದದ್ದು ಇಷ್ಟೇ.

ಈ ಮಾತನ್ನು ತಪ್ಪು ತಿಳಿಯಬೇಡಿ. ಹೆದರಿ ಬಂದವರದು ತಪ್ಪೆಂದು ನಾನು ಹೇಳುತ್ತಿಲ್ಲ. ಸ್ವಾಮಿಗಳು ರಾತ್ರಿ ಆಸ್ಪತ್ರೆಗೆ ಹೋಗಬೇಡ ಅಂದರು ಎಂದು ಯಾರಾದರೂ ಎದೆನೋವು ನುಂಗಿಕೊಂಡು ಮಲಗಿದರೆ ಆ ಪಾಪ ನನ್ನದು. ಆದ್ದರಿಂದ ಯಾವುದಕ್ಕೆ ಕಾಯಬಾರದು ಎಂಬುದನ್ನು ಮೊದಲು ಹೇಳುತ್ತೇನೆ. ಮನೆಯಲ್ಲಿ ಓದು ಬಲ್ಲವರು ಇದನ್ನು ಬರೆದು ಗೋಡೆಗೆ ಅಂಟಿಸಿ.

ಎದೆ ಹಿಂಡಿದಂತಾಗಿ ನೋವು ತೋಳಿಗೆ, ದವಡೆಗೆ, ಬೆನ್ನಿಗೆ ಇಳಿದರೆ, ತಣ್ಣನೆ ಬೆವರು ಬಂದರೆ, ಉಸಿರು ಕಟ್ಟಿದರೆ ಹೊರಡಿ. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಬೆವರು, ಸುಸ್ತು, ಏದುಸಿರಾಗಿಯೂ ಹೃದಯಾಘಾತ ಬರಬಹುದು. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಮಲಗಬೇಡಿ. ನಟ ಪುನೀತ್ ರಾಜಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ. ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡಬೇಕೆಂಬುದು ಅದರ ಉದ್ದೇಶ. ಆ ಮದ್ದಿಗೆ ಒಂದೊಂದು ನಿಮಿಷವೂ ಲೆಕ್ಕ. ಬಾಯಿ ಒಂದು ಕಡೆ ಸೊಟ್ಟಗಾದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಅದು ಲಕ್ವ. ಹೆಪ್ಪು ಕರಗಿಸುವ ಮದ್ದು ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಕಾಶವಷ್ಟೇ ಇರುತ್ತದೆ. ಬೆಳಗಾಗಲಿ ಎನ್ನಬೇಡಿ.

ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಮಂತ್ರದವರ ಮನೆಗೆ ಹೋಗಿ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ಹಿಡಿದು ನೇರ ಆಸ್ಪತ್ರೆಗೆ ನಡೆಯಿರಿ. ಹಡಗಲಿಯಲ್ಲಿ ನಸುಕಿಗೇ ಎದ್ದು ಮಲ್ಲಿಗೆ ಮೊಗ್ಗು ಬಿಡಿಸುವ ತಾಯಂದಿರು ಈ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಳ್ಳಬೇಕು. ಗರ್ಭಿಣಿಗೆ, ಬಾಣಂತಿಗೆ ರಕ್ತ ಹೋದರೆ, ಫಿಟ್ಸ್ ಬಂದರೆ; ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಕೂಸು ಹಾಲು ಬಿಟ್ಟರೆ; ವಿಷ ಕುಡಿದರೆ, ಅಪಘಾತವಾದರೆ, ಪ್ರಜ್ಞೆ ತಪ್ಪಿದರೆ, ಮಧ್ಯರಾತ್ರಿಯೋ ನಸುಕೋ ನೋಡಬೇಡಿ. 108ಕ್ಕೆ ಕರೆ ಮಾಡಿ. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ ಆರಂಭವಾದ ಆರೋಗ್ಯ ಕವಚ ಇಂಥ ಹೊತ್ತಿಗೆಂದೇ ಇದೆ.

ವಾಂತಿಭೇದಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. 2021ರಲ್ಲಿ ನಮ್ಮ ಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕೆಟ್ಟ ನೀರು ಕುಡಿದು ಊರಿಗೆ ಊರೇ ಮಲಗಿತು, ಜೀವಗಳೂ ಹೋದವು. ಭೇದಿ ಸುರುವಾದ ಕೂಡಲೇ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತ ಬಂದರೆ ಎಷ್ಟೋ ಜನ ಮನೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಕುಡಿದದ್ದು ಒಂದೂ ನಿಲ್ಲದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಮಾತ್ರ ಗಳಿಗೆಯೂ ತಡೆಯಬೇಡಿ.

ಹಾಗಾದರೆ ತಪ್ಪು ಎಲ್ಲಿದೆ? ಹಗಲನ್ನು ಕೈಬಿಟ್ಟದ್ದರಲ್ಲಿ ಇದೆ.

ಇಷ್ಟಲಿಂಗ ಪೂಜೆಗೆ ನಾವು ಹೊತ್ತು ಇಟ್ಟುಕೊಂಡಿದ್ದೇವೆ. ಮನಸ್ಸು ಬಂದಾಗ ಮಾಡಿದರಾಯಿತು ಎನ್ನುವುದಿಲ್ಲ. ಆದರೆ ಆ ಲಿಂಗವನ್ನು ಹೊತ್ತ ಅಂಗದ ಸೇವೆಗೆ ಹೊತ್ತೇ ಇಲ್ಲ! ಬಿಪಿ ಗುಳಿಗೆ ಮುಗಿದು ವಾರವಾಗಿರುತ್ತದೆ. ಸಂತೆಯ ದಿನ ತಂದರಾಯಿತು ಎನ್ನುತ್ತೇವೆ. ಹಲ್ಲು ತಿಂಗಳಿಂದ ಜುಮ್ಮೆನ್ನುತ್ತಿರುತ್ತದೆ. ಸುಗ್ಗಿ ಮುಗಿಯಲಿ ಎನ್ನುತ್ತೇವೆ. ಮಗುವಿಗೆ ಬೆಳಿಗ್ಗೆಯೇ ಮೈ ಬಿಸಿ ಇತ್ತು, ಕೂಲಿ ತಪ್ಪುತ್ತದೆಂದು ಅಜ್ಜಿಯ ಹತ್ತಿರ ಬಿಟ್ಟು ಹೋದೆವು. ದೇಹ ಹಗಲೆಲ್ಲ ಮೆಲ್ಲಗೆ ಕರೆಯಿತು, ನಾವು ಓಗೊಡಲಿಲ್ಲ. ದೀಪ ಆರಿ, ಊರು ಮಲಗಿ, ಸದ್ದೆಲ್ಲ ಅಡಗಿದಾಗ ಆ ಕರೆ ದೊಡ್ಡದಾಗಿ ಕೇಳುತ್ತದೆ. ಆಗ ಗಾಬರಿ. ಆಗ ನೆರೆಮನೆಯವನ ಬೈಕು. ಆಗ ನಿದ್ದೆಗಣ್ಣಿನ ವೈದ್ಯರ ಮುಂದೆ, ‘ಈಗಿಂದೀಗ ನೋಡ್ರಿ’ ಎಂಬ ಜೋರು ದನಿ.

ಒಂದು ದಿನದ ಕೂಲಿ ಎಂದರೆ ಏನೆಂದು ನನಗೆ ಗೊತ್ತಿದೆ. ಮಳೆ ನಂಬಿ ಬದುಕುವ ಸೀಮೆ ನಮ್ಮದು. ದುಡಿದರೆ ಒಲೆ ಉರಿಯುವ ಮನೆಗೆ ಹಗಲು ಆಸ್ಪತ್ರೆಗೆ ಹೋಗು ಎಂದು ಹೇಳುವುದು ಸುಲಭ, ಹೋಗುವುದು ಕಷ್ಟ. ಅದಕ್ಕೇ ಈ ಮಾತು ಬಡವರಿಗಿಂತ ಉಳ್ಳವರಿಗೆ ಹೆಚ್ಚು ಸಲ್ಲುತ್ತದೆ. ಹೊಲದ ಒಡೆಯರೇ, ಅಂಗಡಿ ಮಾಲೀಕರೇ, ನಿಮ್ಮಲ್ಲಿ ದುಡಿಯುವವರು ಮಗುವಿಗೆ ಜ್ವರ ಎಂದರೆ ಅರ್ಧ ದಿನ ಬಿಡಿ, ಕೂಲಿ ಹಿಡಿಯಬೇಡಿ. ನೀವು ಕೊಟ್ಟ ಆ ಅರ್ಧ ದಿನ ರಾತ್ರಿಯ ಪಂಕ್ತಿಯಲ್ಲಿ ಇನ್ಯಾರಿಗೋ ಒಂದು ಎಲೆಯಾಗುತ್ತದೆ. ಅದೂ ದಾಸೋಹವೇ.

ಇನ್ನು ಭಯದ ಮಾತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತೀರಿಕೊಂಡಾಗ ನಾಡಿಗೆ ನಾಡೇ ಎದೆ ಹಿಡಿದುಕೊಂಡಿತು. ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೃದಯ ತೋರಿಸಲು ಜನ ಮುಗಿಬಿದ್ದರು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗಲೂ ಹಾಗೆಯೇ ಆಯಿತು. ಮೈಸೂರಿನ ಜಯದೇವದ ಮುಂದೆ ಬೆಳಕು ಹರಿಯುವ ಮೊದಲೇ ಸಾಲು. ಕೊನೆಗೆ ತಜ್ಞರ ಸಮಿತಿ ಲೆಕ್ಕ ತೆಗೆದು ನೋಡಿದಾಗ ಹೃದಯಾಘಾತದ ಸಾವುಗಳಲ್ಲಿ ಅಸಹಜ ಏರಿಕೆ ಕಾಣಲಿಲ್ಲ. ಆ ಸಾಲುಗಳಲ್ಲಿ ನಿಂತವರನ್ನು ನಾನು ಹಳಿಯುವುದಿಲ್ಲ. ಪ್ರೀತಿಸಿದವನೊಬ್ಬ ನಡುವಯಸ್ಸಿನಲ್ಲಿ ಹೋದಾಗ ಯಾರ ಎದೆಗಾದರೂ ಕೈ ಹೋಗುತ್ತದೆ. ಆದರೆ ಆ ಸಾಲುಗಳಲ್ಲಿ ನಿಜವಾದ ಹೃದ್ರೋಗಿಯೂ ನಿಂತಿದ್ದನಲ್ಲ! ನಮ್ಮ ಭಯದ ಬೆಲೆಯನ್ನು ಅವನು ಕಾದು ಕಾದು ತೆತ್ತ.

ಭಯಕ್ಕೆ ಮದ್ದು ಎಲ್ಲಿದೆ? ನಮ್ಮ ಮೈಲಾರದಲ್ಲೇ ಇದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯ ತುಂಬ ಲಕ್ಷಾಂತರ ಜನ, ಕಿವಿ ಕಿವುಡಾಗುವ ಗದ್ದಲ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದ ಕೂಡಲೇ ಅಷ್ಟು ಜನವೂ ಉಸಿರು ಬಿಗಿಹಿಡಿದು ಸುಮ್ಮನಾಗುತ್ತಾರೆ. ಸದ್ದು ಅಡಗಿದ ಮೇಲೆಯೇ ಕಾರಣಿಕದ ಭವಿಷ್ಯವಾಣಿ ಕೇಳಿಸುವುದು. ನಡುರಾತ್ರಿ ಎದೆ ಡವಗುಟ್ಟಿದಾಗ ನಿಮ್ಮ ಮನಸ್ಸಿಗೆ ನೀವೇ ಒಮ್ಮೆ ‘ಸದ್ದಲೇ’ ಎನ್ನಿ. ನಾನು ಆಗಲೇ ಹೇಳಿದ ಅಪಾಯದ ಗುರುತುಗಳಲ್ಲಿ ಒಂದಾದರೂ ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಏಳಿ, ಹೊರಡಿ. ಇಲ್ಲದಿದ್ದರೆ ಕೇಳಿಕೊಳ್ಳಿ: ಇದು ಇವತ್ತು ಹುಟ್ಟಿದ್ದೋ, ಮೊನ್ನೆಯಿಂದ ಇದ್ದದ್ದೋ? ಬೆಳಗಿನ ತನಕ ತಡೆಯುವಂಥದ್ದೋ, ಅಲ್ಲವೋ? ಉತ್ತರ ಹೊಳೆಯದಿದ್ದರೆ 104ಕ್ಕೆ ಕರೆ ಮಾಡಿ. ಆರೋಗ್ಯ ಸಹಾಯವಾಣಿಯವರು ಕನ್ನಡದಲ್ಲೇ ಸಲಹೆ ಕೊಡುತ್ತಾರೆ. ಆಮೇಲೂ ಅನುಮಾನ ಉಳಿದರೆ ಆಸ್ಪತ್ರೆಗೆ ಹೋಗಿ. ಅನುಮಾನದಿಂದ ಹೋದವರನ್ನು ಯಾರೂ ಆಡಿಕೊಳ್ಳಬಾರದು.

ಕೆಲವರ ನೋವು ದೇಹದ್ದಲ್ಲ. ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗಿ, ದೊಡ್ಡ ಮನೆಯಲ್ಲಿ ಒಂಟಿಯಾಗಿ ಮಲಗುವ ಹಿರಿಯರಿದ್ದಾರೆ. ಸಾಲದ ಚಿಂತೆಗೆ ಉಸಿರು ಕಟ್ಟಿದಂತಾಗುವ ರೈತರಿದ್ದಾರೆ. ರಾತ್ರಿ ಅವರಿಗೆ ಬೇಕಾದದ್ದು ಒಂದು ಮನುಷ್ಯ ದನಿ. ಅದು ಸಿಗದೆ ಆಸ್ಪತ್ರೆಯ ಬೆಳಕು ಹುಡುಕಿಕೊಂಡು ಹೋಗುತ್ತಾರೆ. ಅವರಿಗೆಂದು 2022ರಿಂದ ಟೆಲಿ ಮಾನಸ್ ಇದೆ, ಅದರ ಸಂಖ್ಯೆ 14416. ಅದಕ್ಕಿಂತ ಮೊದಲು ನಾವಿದ್ದೇವಲ್ಲವೇ? ಪಕ್ಕದ ಮನೆಯ ಅಜ್ಜ ವಾರಕ್ಕೆರಡು ಸಲ ನಡುರಾತ್ರಿ ಆಸ್ಪತ್ರೆಗೆ ಹೋಗುತ್ತಾನೆಂದರೆ ಆ ಓಣಿಯವರೆಲ್ಲ ತಲೆ ತಗ್ಗಿಸಬೇಕು. ಸಂಜೆ ಹೋಗಿ ಅರ್ಧ ಗಂಟೆ ಅವನ ಕಟ್ಟೆಯ ಮೇಲೆ ಕೂಡಿ. ‘ಗುಳಿಗಿ ತಗೊಂಡ್ಯಾ ಯಜ್ಜಾ?’ ಎಂದು ಕೇಳಿ. ಅವನಿಗೆ ಅದಕ್ಕಿಂತ ದೊಡ್ಡ ಔಷಧ ಬೇಕಿಲ್ಲ.

ಹೋಗಲೇಬೇಕಾಗಿ ಬಂದಾಗಲೂ ಒಂದು ನಡತೆ ಇದೆ. ರೋಗಿಯ ಜೊತೆ ಇಬ್ಬರು ಸಾಕು. ಹಳೆಯ ಚೀಟಿ, ನುಂಗುತ್ತಿರುವ ಗುಳಿಗೆಗಳನ್ನು ಒಂದು ಚೀಲದಲ್ಲಿ ಹಾಕಿ ಬಾಗಿಲ ಹಿಂದೆ ಸದಾ ತೂಗುಹಾಕಿರಿ. ವೈದ್ಯರು ಸೂಜಿ ಬೇಡ, ಗುಳಿಗೆ ಸಾಕು ಎಂದರೆ ಹಟ ಮಾಡಬೇಡಿ. ನಮಗಿಂತ ಆಮೇಲೆ ಬಂದವರನ್ನು ಮೊದಲು ಒಳಗೆ ಕರೆದರೆ, ಅವರ ಹಸಿವು ನಮ್ಮದಕ್ಕಿಂತ ದೊಡ್ಡದೆಂದು ತಿಳಿಯಿರಿ. ರಾತ್ರಿಯೆಲ್ಲ ನಿಂತು ದುಡಿಯುವ ಆ ದಾದಿಯದೂ ಕಾಯಕ. ಆಕೆಯ ಮೇಲೆ ದನಿ ಎತ್ತಿದರೆ ಕಾಯಕದ ಮೇಲೆ ಕೈ ಎತ್ತಿದಂತೆ.

2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ತೇರು ಉರುಳಿದ್ದು ನಿಮಗೆ ನೆನಪಿರಬೇಕು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಜನ ಗಾಯಗೊಂಡರು, ಅವರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಂಥ ಗಳಿಗೆ ಹೇಳಿ ಬರುವುದಿಲ್ಲ. ಬಂದಾಗ ನಮ್ಮೂರ ಆಸ್ಪತ್ರೆಯ ಹಾಸಿಗೆ ಖಾಲಿ ಇರಬೇಕು, ವೈದ್ಯರ ಕೈ ಬಿಡುವಾಗಿರಬೇಕು. ಕೆರೆ ತುಂಬಿದಾಗ ಊರವರು ತೂಬು ಕಾಯುತ್ತಾರೆ. ಈಗ ಹರಿಯಲು ಬಿಟ್ಟರೆ ಬೇಸಿಗೆಯಲ್ಲಿ ದನಕ್ಕೆ ನೀರಿರುವುದಿಲ್ಲವೆಂದು ಅವರಿಗೆ ಗೊತ್ತು. ರಾತ್ರಿಯ ಆಸ್ಪತ್ರೆಯೂ ಊರೆಲ್ಲರ ಕೆರೆ. ಪ್ರಸಾದವನ್ನು ಬೇಕಾದಷ್ಟೇ ನೀಡಿಸಿಕೊಂಡು ಎಲೆಯಲ್ಲಿ ಬಿಡದೆ ಏಳುವುದು ನಮಗೆ ಚಿಕ್ಕಂದಿನಿಂದ ಬಂದ ಪಾಠ. ಆ ಪಾಠವನ್ನು ಅಲ್ಲಿಗೂ ಒಯ್ಯೋಣ.

ಇವತ್ತು ಮನೆಗೆ ಹೋಗುವ ಮೊದಲು ಒಂದು ಸಂಕಲ್ಪ ಮಾಡೋಣ. ಮುಂದೂಡಿರುವ ಒಂದು ನೋವನ್ನು ಈ ವಾರ ಹಗಲಿನಲ್ಲೇ ವೈದ್ಯರಿಗೆ ತೋರಿಸುತ್ತೇನೆ. ಮುಗಿದಿರುವ ಗುಳಿಗೆಯನ್ನು ನಾಳೆಯೇ ತರುತ್ತೇನೆ. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಬಾಗಿಲಲ್ಲೇ ನಿಲ್ಲಿಸದೆ ಒಳಗೆ ಕರೆದು ಆಕೆಯ ಮಾತು ಕೇಳುತ್ತೇನೆ. ನನ್ನ ಓಣಿಯ ಒಬ್ಬ ಒಂಟಿ ಹಿರಿಯರನ್ನು ಸಂಜೆ ಮಾತನಾಡಿಸುತ್ತೇನೆ.

ಇಷ್ಟು ಮಾಡಿದ ಮೇಲೆ ಯಾವುದೋ ಒಂದು ರಾತ್ರಿ ಆ ತಾಯಿ ಹಾವು ಕಚ್ಚಿದ ಮಗನನ್ನು ಹೊತ್ತು ಬರುತ್ತಾಳೆ. ಪಡಸಾಲೆಯಲ್ಲಿ ಯಾರೂ ಅಡ್ಡ ಇರುವುದಿಲ್ಲ. ವೈದ್ಯರು ಎದ್ದು ಬರುತ್ತಾರೆ. ನೀವು ಆಗ ಮನೆಯಲ್ಲಿ ಮಲಗಿರುತ್ತೀರಿ. ತನಗಾಗಿ ಎಲೆ ಬಿಟ್ಟು ಸರಿದವರು ಯಾರೆಂದು ಆಕೆಗೆ ತಿಳಿಯುವುದೇ ಇಲ್ಲ. ಕೊಟ್ಟೂರಿನ ದಾರಿಯಲ್ಲಿ ಉಂಡು ಹೋದವರಿಗೂ ಬಡಿಸಿದ ಕೈ ಯಾವುದೆಂದು ಗೊತ್ತಿರುವುದಿಲ್ಲ.