ಎರಡನೆಯ ಸ್ಥಾನದ ಕಾಯಕ

ಮಾಡಿದ ಕೆಲಸಕ್ಕೆ ಫಲವುಂಟು. ಫಲಕ್ಕೆ ಹೆಸರೂ ಉಂಟು. ಆದರೆ ದುಡಿದವನ ಹೆಸರೇ ಫಲಕ್ಕೆ ಸೇರಬೇಕೆಂಬ ನಿಯಮ ಲೋಕದಲ್ಲಿಲ್ಲ. ಒಬ್ಬನ ದುಡಿಮೆ ಇನ್ನೊಬ್ಬನ ಲೆಕ್ಕಕ್ಕೆ ಜಮೆಯಾಗುವುದನ್ನು ಮನೆಗಳಲ್ಲಿ, ಕಚೇರಿಗಳಲ್ಲಿ, ವಿದ್ಯಾಸಂಸ್ಥೆಗಳಲ್ಲಿ, ಅಷ್ಟೇಕೆ ಮಠಗಳಲ್ಲಿಯೂ ನಿತ್ಯ ಕಾಣುತ್ತೇವೆ. ಹೀಗೆ ಪರರ ಹೆಸರಿನಡಿಯಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿದವನ ಬಾಳು ಪೂರ್ಣವೋ, ಅಪೂರ್ಣವೋ? ನಮ್ಮ ನಡುವಣ ಉದಾಹರಣೆಯನ್ನೇ ತೆಗೆದುಕೊಂಡರೆ ಅಭಿಮಾನ ಅಡ್ಡಬರುತ್ತದೆ. ಆದುದರಿಂದ ನಮಗೆ ದೂರವಾದ ಒಂದು ವೃತ್ತಿಯಲ್ಲಿ ಈ ಪ್ರಶ್ನೆಯನ್ನಿಟ್ಟು ನೋಡೋಣ. ಅದು ಅಮೆರಿಕದ ಕಾಲೇಜುಗಳ ಐಸ್ ಹಾಕಿ ತಂಡಗಳಲ್ಲಿರುವ ಸಹಾಯಕ ತರಬೇತುದಾರನ ವೃತ್ತಿ.

ಐಸ್ ಹಾಕಿಯನ್ನು ಮಂಜುಗಡ್ಡೆಯ ಅಂಗಣದ ಮೇಲೆ, ಉಕ್ಕಿನ ಅಲಗುಳ್ಳ ಸ್ಕೇಟ್‌ಗಳನ್ನು ಕಾಲಿಗೆ ಕಟ್ಟಿಕೊಂಡು ಆಡುತ್ತಾರೆ. ಚೆಂಡಿನ ಬದಲು ಪಕ್ ಎಂಬ ರಬ್ಬರಿನ ಚಪ್ಪಟೆ ಬಿಲ್ಲೆ. ಗೋಲು ಕಾಯುವವನೂ ಸೇರಿ ಒಂದು ತಂಡದ ಆರು ಮಂದಿ ಒಮ್ಮೆಗೆ ಅಂಗಣದಲ್ಲಿರುತ್ತಾರೆ. ಆಟದ ವೇಗ ಎಷ್ಟೆಂದರೆ, ಸಾಮಾನ್ಯವಾಗಿ ಒಂದು ನಿಮಿಷ ತುಂಬುವ ಮೊದಲೇ ಆಟಗಾರರು ದಣಿದು ಹೊರಬಂದು ಬೇರೆಯವರು ಒಳಹೋಗುತ್ತಾರೆ. ಈ ಅದಲುಬದಲನ್ನು ನೋಡಿಕೊಳ್ಳುವುದು, ಎದುರಾಳಿಗಳ ಪಂದ್ಯಗಳ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಅವರ ದೌರ್ಬಲ್ಯಗಳನ್ನು ಗುರುತಿಸುವುದು, ದೂರದೂರುಗಳಿಗೆ ಹೋಗಿ ಹದಿನಾರು ಹದಿನೇಳರ ಹುಡುಗರಲ್ಲಿ ಪ್ರತಿಭೆಯನ್ನು ಅರಸುವುದು, ಅವರ ತಂದೆತಾಯಿಗಳ ವಿಶ್ವಾಸ ಗಳಿಸಿ ಕಾಲೇಜಿಗೆ ಕರೆತರುವುದು, ಇವುಗಳಲ್ಲಿ ಬಹುಪಾಲು ಹೊರೆ ಸಹಾಯಕರ ಹೆಗಲ ಮೇಲಿರುತ್ತದೆ. ಆದರೆ ಗೆಲುವು ಸೋಲುಗಳ ದಾಖಲೆಯಲ್ಲಿ ಬರೆಯುವುದು ಮುಖ್ಯ ತರಬೇತುದಾರನ ಹೆಸರನ್ನು ಮಾತ್ರ. ತಂಡ ಸೋತು ಮುಖ್ಯನನ್ನು ತೆಗೆದುಹಾಕಿದಾಗಲಾದರೋ ಸಹಾಯಕನೂ ಕೆಲಸ ಕಳೆದುಕೊಳ್ಳುವುದು ಅಪರೂಪವಲ್ಲ. ಕೀರ್ತಿಯಲ್ಲಿ ಪಾಲಿಲ್ಲದವನಿಗೆ ಅಪಕೀರ್ತಿಯಲ್ಲಿ ಪಾಲುಂಟು.

ಜೆಸ್ಯೂಯಿಟ್ ಪಾದ್ರಿಗಳು 1863ರಲ್ಲಿ ಸ್ಥಾಪಿಸಿದ ಬಾಸ್ಟನ್ ಕಾಲೇಜು ಈ ಆಟದಲ್ಲಿ ಹೆಸರಾದ ಸಂಸ್ಥೆ. ಅಲ್ಲಿಯ ಹಳೆಯ ವಿದ್ಯಾರ್ಥಿ ಜೆರ್ರಿ ಯಾರ್ಕ್ ನ್ಯೂಯಾರ್ಕ್ ರಾಜ್ಯದ ಕ್ಲಾರ್ಕ್‌ಸನ್‌ನಲ್ಲಿ ಲೆನ್ ಸೆಗ್ಲಾರ್ಸ್ಕಿಯವರ ಸಹಾಯಕರಾಗಿದ್ದರು. 1972ರಲ್ಲಿ ಸೆಗ್ಲಾರ್ಸ್ಕಿ ಬಾಸ್ಟನ್ ಕಾಲೇಜಿಗೆ ಹೋದಾಗ, ಮೂವತ್ತು ತುಂಬದ ಯಾರ್ಕ್ ಕ್ಲಾರ್ಕ್‌ಸನ್‌ನ ಮುಖ್ಯ ಸ್ಥಾನಕ್ಕೆ ಬಂದರು. ಮುಂದೆ 1994ರಿಂದ 2022ರವರೆಗೆ ಬಾಸ್ಟನ್ ಕಾಲೇಜಿನಲ್ಲಿಯೇ ಮುಖ್ಯರಾಗಿದ್ದು, ಮೂರು ಸಂಸ್ಥೆಗಳಲ್ಲಿ ಒಟ್ಟು 1,123 ಗೆಲುವುಗಳೊಡನೆ ನಿವೃತ್ತರಾದರು. ಅವರಿಗೆ ಎರಡನೆಯ ಸ್ಥಾನವು ಬೇಗನೆ ದಾಟಿದ ಹೊಸ್ತಿಲಾಗಿತ್ತು.

ಮೈಕ್ ಕ್ಯಾವನಾ ಅವರ ದಾರಿ ಬೇರೆ. ಅವರು 1995ರಿಂದ 2013ರವರೆಗೆ, ಹದಿನೆಂಟು ವರ್ಷ, ಯಾರ್ಕ್ ಅವರ ಸಹಾಯಕರಾಗಿದ್ದರು. 2001, 2008, 2010, 2012ರಲ್ಲಿ ಬಾಸ್ಟನ್ ಕಾಲೇಜು ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ನಾಲ್ಕು ಬಾರಿಯೂ ಅವರು ಅಲ್ಲಿದ್ದರು. ಆ ಗೆಲುವುಗಳಲ್ಲಿ ಒಂದೂ ಅವರ ಲೆಕ್ಕದಲ್ಲಿಲ್ಲ. 2013ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಮುಖ್ಯ ತರಬೇತುದಾರರಾದರು. ಆ ತಂಡ ಮೊದಲ ಬಾರಿಗೆ ರಾಷ್ಟ್ರೀಯ ಪಂದ್ಯಾವಳಿಯನ್ನು ಪ್ರವೇಶಿಸಿದ್ದು 2025ರಲ್ಲಿ. ಗ್ರೆಗ್ ಬ್ರೌನ್ ಅವರೂ 2004ರಿಂದ 2018ರವರೆಗೆ ಯಾರ್ಕ್ ಅವರ ಕೈಕೆಳಗೆ ದುಡಿದು, ಹೊರಗೆ ಹೋಗಿ, 2022ರಲ್ಲಿ ಅವರ ಉತ್ತರಾಧಿಕಾರಿಯಾಗಿ ಮರಳಿದರು.

ತಾಳ್ಮೆಗೆ ಕೊನೆಗೆ ಫಲ ಸಿಕ್ಕಿತೆಂದು ಹೇಳಿ ಮುಗಿಸುವುದು ಸುಲಭ. ಅದು ಪ್ರಶ್ನೆಯನ್ನು ತಪ್ಪಿಸಿಕೊಂಡಂತೆ. ಉನ್ನತ ಶ್ರೇಣಿಯ ಪುರುಷರ ತಂಡಗಳಿರುವುದು ಅರವತ್ತಕ್ಕಿಂತ ಸ್ವಲ್ಪ ಹೆಚ್ಚು. ಪ್ರತಿಯೊಂದಕ್ಕೂ ಮುಖ್ಯನೊಬ್ಬ, ಸಹಾಯಕರು ಹಲವರು. ಎಲ್ಲರೂ ಮುಖ್ಯರಾಗುವುದು ಗಣಿತಕ್ಕೇ ವಿರುದ್ಧ. ಪೀಠ ಏರಿದ್ದರಿಂದಲೇ ಬಾಳು ಸಾರ್ಥಕವೆನ್ನುವುದಾದರೆ, ಏರದೆ ಉಳಿದ ಬಹುಸಂಖ್ಯಾತರ ಬಾಳು ವ್ಯರ್ಥವೆಂದು ಒಪ್ಪಬೇಕಾಗುತ್ತದೆ.

ಕೆಲವು ಕ್ರಿಯೆಗಳ ಗುರಿ ಆ ಕ್ರಿಯೆಗಳಲ್ಲಿಯೇ ಅಡಗಿರುತ್ತದೆಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ವಿಂಗಡಿಸಿದ್ದಾನೆ. ಸಹಾಯಕನು ಒಬ್ಬ ಹುಡುಗನ ತಾಯಿಗೆ, ನಿಮ್ಮ ಮಗನನ್ನು ನೋಡಿಕೊಳ್ಳುತ್ತೇನೆಂದು ಮಾತು ಕೊಡುತ್ತಾನೆ. ನಾಲ್ಕು ವರ್ಷಗಳಲ್ಲಿ ಹುಡುಗನು ಆಟವನ್ನೂ ವಿದ್ಯೆಯನ್ನೂ ಕಲಿತು ಮನುಷ್ಯನಾಗಿ ಹೊರಟರೆ ಆ ಮಾತು ಉಳಿಯಿತು. ಅದನ್ನು ಯಾವ ದಾಖಲೆಯೂ ಇನ್ನೊಬ್ಬರ ಹೆಸರಿಗೆ ಬರೆಯಲಾರದು. ಆದರೆ ಅವನ ಕಣ್ಣು ಸದಾ ಮುಂದಿನ ಹುದ್ದೆಯ ಮೇಲಿದ್ದರೆ, ಆ ಹುಡುಗನು ಮೆಟ್ಟಿಲಾಗುತ್ತಾನೆ, ಮಾತು ಸಾಧನವಾಗುತ್ತದೆ. ಮೇಲಿನ ಸ್ಥಾನವನ್ನು ಬಯಸುವುದು ದೋಷವಲ್ಲ. ಕೈಯಲ್ಲಿರುವ ಕೆಲಸವನ್ನು ಆ ಬಯಕೆಗೆ ಬಲಿಗೊಡುವುದು ದೋಷ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವಿದೆ. ಫಲವನ್ನು ಬಯಸಬೇಡ ಎಂಬ ಬೋಧೆಯು ಕೆಳಗಿನವರನ್ನು ಕೆಳಗೇ ಇರಿಸುವ ಸಂಕೋಲೆಯಾಗಲಾರದೇ? ಆಗಬಲ್ಲದು, ಆಗಿಯೂ ಇದೆ. ಶರಣರ ವಿಚಾರ ಇಲ್ಲಿಯೇ ವಿಶಿಷ್ಟವಾಗುತ್ತದೆ. ಅವರು ಕಾಯಕವನ್ನು ಹೇಳಿ ಸುಮ್ಮನಾಗದೆ ದಾಸೋಹವನ್ನೂ ಹೇಳಿದರು. ದುಡಿಮೆ ಹೇಗಿರಬೇಕೆಂಬುದರ ಜೊತೆಗೆ, ಅದರ ಫಲ ಎಲ್ಲಿಗೆ ಹೋಯಿತೆಂಬುದೂ ಅವರ ಪ್ರಶ್ನೆಯಾಗಿತ್ತು. ಹುಲ್ಲು ಕೊಯ್ಯುವಾಗ ಕಳಚಿಬಿದ್ದ ಲಿಂಗಕ್ಕೂ ನುಲಿಯ ಚಂದಯ್ಯನವರು ಕಾಯಕದ ಹೊಣೆ ಹೊರಿಸಿದರೆಂಬ ಪ್ರಸಂಗ ಶೂನ್ಯಸಂಪಾದನೆಯ ಓದುಗರಿಗೆ ತಿಳಿದದ್ದೇ. ದುಡಿಯದೆ ಫಲವುಣ್ಣುವಷ್ಟು ದೊಡ್ಡವರು ಯಾರೂ ಇಲ್ಲ, ದೇವರೂ ಸಹ, ಎಂಬುದೇ ಅದರ ಇಂಗಿತ.

ಆದ್ದರಿಂದ ಈ ಪ್ರಶ್ನೆಗೆ ಉತ್ತರ ಎರಡು ಮುಖದ್ದು. ಎರಡನೆಯ ಸ್ಥಾನದಲ್ಲಿರುವವನು ಹೆಸರಿನ ಹಂಬಲವನ್ನು ತಾನಾಗಿ ಬಿಟ್ಟರೆ ಅದು ತ್ಯಾಗ, ಅವನ ಬಾಳು ಪೂರ್ಣ. ಮೊದಲನೆಯ ಸ್ಥಾನದಲ್ಲಿರುವವನು ಅದೇ ತ್ಯಾಗವನ್ನು ಅವನಿಗೆ ಬೋಧಿಸಿ ಕೀರ್ತಿಯನ್ನು ತಾನು ಇರಿಸಿಕೊಂಡರೆ ಅದು ಅಪಹಾರ. ತ್ಯಾಗ ಮಾಡುವ ಅಧಿಕಾರ ದುಡಿದವನದು. ಫಲ ಉಣ್ಣುವವನಿಗೆ ಅದನ್ನು ಉಪದೇಶಿಸುವ ಅಧಿಕಾರವಿಲ್ಲ. ಅವನ ಧರ್ಮವೆಂದರೆ ಸಹಾಯಕನ ಹೆಸರನ್ನು ಹತ್ತು ಜನರೆದುರು ಹೇಳುವುದು, ತಕ್ಕ ವೇತನ ಕೊಡಿಸುವುದು, ಹೋಗಬೇಕಾದ ದಿನ ಹರಸಿ ಕಳುಹಿಸುವುದು.

ಭಕ್ತಬಂಧುಗಳಲ್ಲಿ ಒಂದೆಡೆ ಮೊದಲನೆಯವರಾಗಿ ಇನ್ನೊಂದೆಡೆ ಎರಡನೆಯವರಾಗಿರುವವರೇ ಹೆಚ್ಚು. ಎರಡನೆಯವರಾಗಿರುವಲ್ಲಿ ಕಾಯಕವನ್ನೂ, ಮೊದಲನೆಯವರಾಗಿರುವಲ್ಲಿ ದಾಸೋಹವನ್ನೂ ಮರೆಯದಿರಲಿ.