ಫೋನಿನಲ್ಲಿ ಕಾಣದ ಕೈ



ಗದ್ವಾಲ್ ಅಥವಾ ನಾರಾಯಣಪೇಟೆಯ ಸೀರೆ ಕೊಳ್ಳಲು ಈಗ ಬಸ್ಸು ಹತ್ತಬೇಕಿಲ್ಲ. ಕೊತ್ತಪಲ್ಲಿಯ ಮನೆಯಲ್ಲಿ ಕುಳಿತವರೂ ದುಬೈಗೆ ದುಡಿಯಲು ಹೋದವರೂ ಫೋನಿನಲ್ಲೇ ಆರಿಸಿ ತರಿಸಿಕೊಳ್ಳಬಹುದು. ನೇಕಾರನೂ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಹಾಕಿ, ದಲ್ಲಾಳಿಯಿಲ್ಲದೆ ನೇರ ಮಾರಬಹುದು. ಇದು ಒಳ್ಳೆಯದೇ.

ಆದರೆ ಅದೇ ಫೋನಿನಲ್ಲಿ ಪವರ್‌ಲೂಮ್ ಸೀರೆಗೂ ‘ಗದ್ವಾಲ್’ ಎಂಬ ಹೆಸರು ಅಂಟಿಸುವುದು ಸುಲಭ. ಹೆಸರಾದ ಗದ್ವಾಲ್ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಹೆಣೆಯಲು ಮಗ್ಗದ ಮುಂದೆ ದಿನಗಟ್ಟಲೆ ಕೂರಬೇಕು. ಎರಡೂ ಊರಿನ ಸೀರೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾನೂನು 1985ರಲ್ಲೇ ಬಂದಿದೆ. ಆದರೂ ಚಿತ್ರದಲ್ಲಿ ಅಸಲೂ ನಕಲೂ ಒಂದೇ ಥರ ಹೊಳೆಯುತ್ತವೆ. ಬೆರಳು ಅಗ್ಗದ ಕಡೆಗೇ ಹೋಗುತ್ತದೆ.

ಅಗ್ಗದ ಸೀರೆ ಉಡುವುದು ಪಾಪವಲ್ಲ; ಅದು ತನ್ನ ಹೆಸರಿನಲ್ಲೇ ಬರಲಿ. ತಿಳಿಯದೆ ಮೋಸಹೋದವರದೂ ತಪ್ಪಲ್ಲ. ಆದರೆ ಇಷ್ಟು ದಿನದ ದುಡಿಮೆ ಇಷ್ಟು ಕಡಿಮೆಗೆ ಸಿಗದೆಂದು ಒಳಗೆ ಗೊತ್ತಿದ್ದೂ ಕೇಳದೆ ಕೊಂಡರೆ, ಆ ಮೋಸದಲ್ಲಿ ನಮಗೂ ಪಾಲಿದೆ. ನಿಜವಾದ ಕೈಮಗ್ಗದ ಸೀರೆಗೇ ಚೌಕಾಸಿ ಮಾಡಿದಾಗಲೂ ಇದೇ ಪ್ರಶ್ನೆ. ನೇಕಾರ ಒಪ್ಪಿಕೊಂಡನಲ್ಲ ಎನ್ನುತ್ತೇವೆ. ಕೂಲಿಯವನು ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗದು, ಅದು ಅವನ ಬಾಳುವೆಗೆ ಸಾಲಬೇಕು ಎಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲೇ ‘ರೇರುಂ ನೋವಾರುಂ’ ಪತ್ರದಲ್ಲಿ ಬರೆದರು.

ಮುಂದಿನ ಮದುವೆಗೆ ಸೀರೆ ತರಿಸುವಾಗ ಒಂದು ಮಾತು ಕೇಳೋಣ: ನೇಯ್ದವರು ಯಾರು? ಮಗ್ಗವನ್ನು ವಿಡಿಯೋದಲ್ಲಿ ತೋರಿಸುವಿರಾ? ಕೈಯನ್ನು ಮರೆಸಿದ ಫೋನೇ ಆ ಕೈಯನ್ನು ತೋರಿಸಲೂ ಬಲ್ಲದು.